ಹಗುರ ಕೆಲಸ

ಡಾಕ್ಟರಿಗೆ ಕೇಳು ಎಂದು ಅಕ್ಕ ಹೇಳಿದ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ. ಕೇಳಿದವನಂತೆ ನಟಿಸಿ, ಅವರು ಕೊಡದ ಉತ್ತರವನ್ನು ಅವಳಿಗೆ ಕೊಟ್ಟೆ. ಆ ಉತ್ತರವನ್ನು ನಂಬಿ ಅವಳು ತನ್ನ ಬಲಗೈ ಕೆಡಿಸಿಕೊಂಡಳು — ಅಲ್ಲ, ಈ ವಾಕ್ಯವನ್ನೂ ನನಗೆ ಅನುಕೂಲವಾಗುವಂತೆಯೇ ಬರೆದೆ. ಅವಳು ಕೆಡಿಸಿಕೊಳ್ಳಲಿಲ್ಲ. ಕೈ ಕೆಡುವುದಕ್ಕೆ ನಾನು ದಾರಿ ಮಾಡಿಕೊಟ್ಟೆ. ಆಮೇಲೆ ಮನೆಯವರೆಲ್ಲ ಅವಳನ್ನೇ ಬೈಯುವಾಗ ಪಕ್ಕದಲ್ಲಿ ಕುಳಿತು ಚಹಾ ಕುಡಿದೆ.

ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ, ಮನೆ ವಿದ್ಯಾಗಿರಿಯಲ್ಲಿ. ನೆನಪು ಎಂಬುದು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ಬೇಕೆಂದಾಗಲೆಲ್ಲ ಹೊಸದಾಗಿ ಕಟ್ಟುವ ಗೋಡೆ, ಕಟ್ಟುವವನು ತನಗೆ ಒಪ್ಪುವ ಹಾಗೆಯೇ ಕಟ್ಟುತ್ತಾನೆ — ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹೇಳುವಾಗ ನನ್ನ ಧ್ವನಿ ಗಟ್ಟಿಯಾಗಿರುತ್ತದೆ. ಈ ಪಾಠದ ಹಿಂದೆ ನಾನೇ ಅಡಗಿ ಕುಳಿತಿದ್ದೆ ಎಂಬುದು ಅವರಿಗೆ ಗೊತ್ತಿಲ್ಲ. ನನ್ನ ನೆನಪನ್ನು ನಂಬಲಾಗದು ಎಂದಮೇಲೆ ನನ್ನ ತಪ್ಪನ್ನು ಮಾತ್ರ ಯಾಕೆ ನಂಬಬೇಕು? — ಎಷ್ಟು ಚೆನ್ನಾದ ಪ್ರಶ್ನೆ!

ಅಕ್ಕ ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿ, ಅದೇ ಊರಿನ ಇನ್ನೊಂದು ನೇಕಾರರ ಮನೆಗೆ ಸೊಸೆಯಾಗಿ ಹೋದವಳು. ನಾನೂ ಆ ಮನೆಯಲ್ಲೇ ಹುಟ್ಟಿದವನು ಎಂಬುದನ್ನು ಓದುವವರು ಮರೆಯಬಾರದು. ನಾನು ಬಹಳ ಸಲ ಮರೆತಿದ್ದೇನೆ. ಇಳಕಲ್ ಸೀರೆಗೆ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಕೆಂಪು ರೇಶ್ಮೆಯ ಹಾಸು ಬೇರೆ. ಮಗ್ಗದ ಮೇಲೆ ಎರಡನ್ನೂ ಎಳೆಗೆ ಎಳೆ ಸೇರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹೊಸೆದು ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳು ಜಾರದಿರಲೆಂದು ಪಕ್ಕದಲ್ಲಿ ಚಿಟಿಕೆ ಬೂದಿ ಇರುತ್ತದೆ. ಅಕ್ಕ ಕೆಚ್ಚಿದ ಎಳೆ ಬಿಡುವುದಿಲ್ಲ ಎಂದು ಓಣಿಯಲ್ಲೆಲ್ಲ ಮಾತು. ಆದರೆ ನೇಕಾರ ಅಂದರೆ ಮಗ್ಗದಲ್ಲಿ ಕೂತ ಗಂಡಸು. ಕೆಚ್ಚುವ ಹೆಂಗಸು ಅಂದರೆ — ಮನೆಯಾಕೆ. ಹೀಗೆ ಯಾರೂ ತೀರ್ಮಾನ ಮಾಡಿದ್ದಲ್ಲ. ಹಾಗೇ ನಡೆದು ಬಂದಿದೆ.

ಐವತ್ತರ ಹೊತ್ತಿಗೆ ಸಂಧಿವಾತ ಅವಳ ಬೆರಳ ಬುಡದ ಕೀಲುಗಳನ್ನು ತಿಂದುಹಾಕಿತು. ಬಲಗೈಯ ನಾಲ್ಕು ಬೆರಳೂ ಗಾಳಿಗೆ ಬಾಗಿದ ಜೋಳದ ತೆನೆಗಳಂತೆ ಕಿರುಬೆರಳಿನ ಕಡೆಗೆ ವಾಲಿದವು.

"ನೋಡಲೇ ತಮ್ಮಾ, ಹೆಬ್ಬೆರಳ ಕೂಡ ಜಗಳಾಡಿ ಎಲ್ಲಾವೂ ಆ ಕಡಿ ಮಾರಿ ತಿರುವಿ ನಿಂತಾವು," ಎಂದು ನಕ್ಕು ತೋರಿಸಿದ್ದಳು.

ಸವೆದ ಕೀಲು ತೆಗೆದು ಸಿಲಿಕೋನಿನ ಕೀಲು ಕೂಡಿಸುತ್ತಾರೆ ಎಂದು ಓದಿದವನು ನಾನು. ಕೈಯ ಆಪರೇಶನ್ ಮಾಡುವ ಸರ್ಜನ್ನರನ್ನು ಹುಡುಕಿದವನೂ ನಾನೇ. ಅವರು ಹೊರ ರಾಜ್ಯದವರು, ಆಗಾಗ ಬಂದು ಹೋಗುತ್ತಿದ್ದರು, ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಅಕ್ಕ ಮತ್ತು ಡಾಕ್ಟರ ನಡುವೆ ನಾನು ಕುಳಿತೆ. ಅವರ ಮಾತು ನನ್ನ ಬಾಯಿಂದ ಅವಳಿಗೆ, ಅವಳ ಮಾತು ನನ್ನ ಬಾಯಿಂದ ಅವರಿಗೆ. ಆ ಕುರ್ಚಿಯಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮೊದಲ ಭೇಟಿಯಲ್ಲೇ ಅವರು ಕೇಳಿದರು: ಇವರು ಏನು ಕೆಲಸ ಮಾಡುತ್ತಾರೆ?

"ಹೌಸ್‌ವೈಫ್," ಎಂದೆ.

ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನ್ನಿಸಲಿಲ್ಲ. ಅನ್ನಿಸದೇ ಇದ್ದದ್ದೇ — ಇರಲಿ.

ಡಾಕ್ಟರು ಬಿಡಿಸಿ ಹೇಳಿದರು. ಹೊಸ ಕೀಲು ಎಂದರೆ ಬಾಗುವ ಚಿಕ್ಕ ತುಂಡು, ಎರಡೂ ಬದಿಗೆ ಬಾಲವಿರುತ್ತದೆ, ಬಾಲಗಳು ಎಲುಬಿನ ಒಳಗೆ ಕೂರುತ್ತವೆ. ನೋವು ಕಡಿಮೆಯಾಗುತ್ತದೆ, ಬೆರಳು ನೆಟ್ಟಗಾಗುತ್ತದೆ, ಬಲ ಬರುವುದಿಲ್ಲ. ಆ ತುಂಡು ಮುರಿಯಲೂಬಹುದು. ಹೆಬ್ಬೆರಳಿನಿಂದ ತೋರುಬೆರಳ ಪಕ್ಕಕ್ಕೆ ಒತ್ತಿ ತಿರುಗಿಸುವ ಕೆಲಸ ಬೇಡ — ಗಾಳಿಯಲ್ಲಿ ಕೀಲಿಕೈ ತಿರುಗಿಸಿದಂತೆ ಮಾಡಿ ತೋರಿಸಿದರು. ಮನೆಯ ಹಗುರ ಕೆಲಸಗಳನ್ನು ಮಾಡಬಹುದು.

ನಾನು ಅಕ್ಕನಿಗೆ ಹೇಳಿದೆ: ಬೀಗ ತಿರುವಬಾರದು, ಡಬ್ಬಿಯ ಬಿಗಿ ಮುಚ್ಚಳ ತೆಗೆಯಬಾರದು.

"ರೊಟ್ಟಿ ಬಡಿಯೂದು?"

"ಬ್ಯಾಡ."

"ಬ್ಯಾಡ ಬಿಡು. ಸೊಸಿ ಬಡೀತಾಳ. ಅಕಿ ರೊಟ್ಟಿ ತಿಂದರ ಗಟ್ಟಿ ಆಗೂದು ಹಲ್ಲು, ಕೈಯಲ್ಲ."

ಡಾಕ್ಟರ ಬೆರಳು ಗಾಳಿಯಲ್ಲಿ ಮಾಡಿದ್ದು ಥೇಟ್ ಎಳೆ ಹೊಸೆಯುವ ಬೆರಳಿನ ಹಾಗೇ ಇತ್ತು. ಅದು ನನಗೆ ಅಲ್ಲೇ ಹೊಳೆಯಿತೋ, ಆಮೇಲೆ ನೆನಪಿನಲ್ಲಿ ಸೇರಿಸಿದೆನೋ ಗೊತ್ತಿಲ್ಲ. ಅಲ್ಲೇ ಹೊಳೆದಿತ್ತು ಎಂದೇ ಈಗ ಇಟ್ಟುಕೊಳ್ಳುತ್ತೇನೆ. ನೇಕಾರರ ಮನೆಯ ಮಗನಿಗೆ ಹೊಳೆಯದೇ ಇರಲು ಹೇಗೆ ಸಾಧ್ಯ?

ಆಪರೇಶನ್ ಚೆನ್ನಾಗಿಯೇ ಆಯಿತು. ಬೆರಳು ನೆಟ್ಟಗಾದವು. ತಂತಿ, ರಬ್ಬರಿನ ಪಟ್ಟಿಗಳ ಒಂದು ಕಟ್ಟನ್ನು ಕೈಗೆ ಹಾಕಿಕೊಂಡು ಬಂದ ಅಕ್ಕನನ್ನು ನೋಡಿ ನಮ್ಮ ಮಾವ, ಅಂದರೆ ಅವಳ ಗಂಡ, ಓಣಿಗೆಲ್ಲ ಕೇಳುವಂತೆ ಕೂಗಿದ್ದರು: "ಬರ್ರೆಪಾ ನೋಡಬರ್ರಿ! ನಮ್ಮನ್ಯಾಕಿ ನಾಕೂ ಟೈರ್ ಬದಲಿ ಮಾಡಿಸಿಕೊಂಡು ಬಂದಾಳ!" ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಇನ್ನು ಆ ದಿನಕ್ಕೆ ಬರುತ್ತೇನೆ. ಕಟ್ಟು ತೆಗೆಸಿ ಕೊನೆಯ ತಪಾಸಣೆಗೆ ಹೋದ ದಿನ. ಕಿಟಕಿಯ ಹೊರಗೆ ಜೋರು ಮಳೆ ಸುರಿಯುತ್ತಿತ್ತು ಎಂದು ನನಗೆ ಖಚಿತವಾದ ನೆನಪು. ಒಮ್ಮೆ ಹೆಂಡತಿಯೆದುರು ಹಾಗೆಂದಾಗ ಅವಳು, "ಎಲ್ಲೀ ಮಳಿರಿ? ಬ್ಯಾಸಗಿ ಸೂಟಿ ಅದು. ಕೂಲರ್ ಸಪ್ಪಳ ಕೇಳಿರಬೇಕು ನೀವು," ಎಂದಳು. ಅವಳು ಹೇಳಿದ್ದು ಸರಿ. ನಾನು ಎಷ್ಟು ಸಂತೋಷಪಟ್ಟೆ! ಮಳೆಯೇ ಇರಲಿಲ್ಲವಾದರೆ ಉಳಿದದ್ದೂ ಇರದಿರಬಹುದಲ್ಲ.

ಆದರೆ ಉಳಿದದ್ದು ಇತ್ತು. ಡಾಕ್ಟರು ಮುಂದಿನ ರೋಗಿಯ ಎಕ್ಸ್‌ರೇ ಕೈಗೆತ್ತಿಕೊಂಡಿದ್ದರು. ಅಕ್ಕ ನನ್ನ ತೋಳು ಜಗ್ಗಿ ಸಣ್ಣ ದನಿಯಲ್ಲಿ ಹೇಳಿದಳು:

"ತಮ್ಮಾ, ಸೆರಗು ಕೆಚ್ಚಬಹುದೇನು ಕೇಳೋ."

ನಾನು ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದೆ. ಇನ್ನು ಬರಬೇಕಾಗಿಲ್ಲವೇ ಎಂದೋ, ಇದೇ ಗುಳಿಗೆ ಮುಂದುವರಿಸಬೇಕೇ ಎಂದೋ. ಏನು ಕೇಳಿದೆ ಎಂಬುದರಲ್ಲಿ ನನಗೆ ಅನುಮಾನವಿದೆ. ಏನು ಕೇಳಲಿಲ್ಲ ಎಂಬುದರಲ್ಲಿ ಇಲ್ಲ. ಅವರು ನಕ್ಕು ತಲೆಯಾಡಿಸಿದರು. ಅಕ್ಕ ಆ ತಲೆಯಾಡಿಸುವುದನ್ನು ಕಣ್ಣಾರೆ ನೋಡಿದಳು. ನಾನು ಅವಳ ಕಡೆ ತಿರುಗಿ ಹೇಳಿದೆ:

"ಹೂಂ ಅಂತಾರ ನೋಡು. ಹಗುರ ಕೆಲಸ ಮಾಡಬಹುದಂತ."

"ಅಷ್ಟಽ ಸಾಕು ಬಿಡು!" ಎಂದಳು. ಆ ಮುಖದ ಬೆಳಕು — ಅದನ್ನು ಬರೆಯಲು ನನಗೆ ಹಕ್ಕಿಲ್ಲ.

ಯಾಕೆ ಹಾಗೆ ಮಾಡಿದೆ? ಅವಳ ಮುಖ ಬಾಡುವುದನ್ನು ನೋಡಲಾರದೆ, ಎಂದು ಬಹಳ ವರ್ಷ ನನಗೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವಿದೆ. ಕೇಳಿದ್ದರೆ ಡಾಕ್ಟರು, ಹೌಸ್‌ವೈಫ್ ಅಂದಿರಲ್ಲ, ಎನ್ನುತ್ತಿದ್ದರು. ಅವರ ಎದುರು ಅಷ್ಟು ಸಣ್ಣವನಾಗಲು ನನಗೆ ಮನಸ್ಸಿರಲಿಲ್ಲ. ಇದರಲ್ಲಿ ಹೆಚ್ಚು ನಿಜವಿದೆ. ಇನ್ನೊಂದು ಇದೆ. ನನ್ನ ಮಗಳು ದೀಪಾಳ ಮದುವೆ ಗೊತ್ತಾಗಿತ್ತು. ಅವಳು ಹುಟ್ಟಿದಾಗಿನಿಂದ ಅಕ್ಕ ಹೇಳುತ್ತಿದ್ದ ಮಾತೊಂದಿತ್ತು: ಈ ಹುಡುಗಿಯ ಮದುವೆ ಸೀರೆಯ ಸೆರಗನ್ನು ನಾನೇ ಕೆಚ್ಚುತ್ತೇನೆ. ಆ ಸೀರೆ ನನಗೆ ಬೇಕಿತ್ತು. ಅದು ನನ್ನ ತಲೆಗೆ ಬಂದದ್ದು ಸುಳ್ಳಿಗೆ ಮುಂಚೆಯೋ, ಆಮೇಲೋ? — ಇಲ್ಲಿ ಬಂದಾಗಲೆಲ್ಲ ನನ್ನ ನೆನಪು ಮುಗ್ಗರಿಸುತ್ತದೆ. ಬೇಕೆಂದೇ ಮುಗ್ಗರಿಸುತ್ತದೆ ಎಂದು ನನ್ನ ಗುಮಾನಿ.

ಗಂಡಿನ ಕಡೆಯವರು ಮದುವೆಯನ್ನು ಆಷಾಢಕ್ಕೆ ಮುಂಚೆಯೇ ಆಗಲಿ ಎಂದರು. ದಿನ ಹತ್ತಿರ ಬಂತು. ಅಕ್ಕ ಸೆರಗು ಕೆಚ್ಚಿದಳು, ಮಾವ ನೇಯ್ದರು. ಮದುವೆಯ ದಿನ ಹೆಂಗಸರೆಲ್ಲ ದೀಪಾಳ ಸೆರಗು ಹಿಡಿದು ಹಿಡಿದು ನೋಡಿದರು. ಅಕ್ಕ ದೂರದಲ್ಲಿ ಕುಳಿತು ಬಲಗೈಯನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದಳು. ಅದನ್ನು ನೋಡಿದೆ. ನೋಡಿ ಅತಿಥಿಗಳ ಕಡೆ ನಡೆದೆ.

ಆಮೇಲೂ ಅವಳು ಕೆಚ್ಚುತ್ತಲೇ ಇದ್ದಳು. ಡಾಕ್ಟರು ಹೂಂ ಅಂದಿದ್ದರಲ್ಲ. ಕೆಲವು ವರ್ಷ ಕಳೆದ ಮೇಲೆ ತೋರುಬೆರಳ ಬುಡ ಊದಿತು. ಒಂದು ದಿನ ಒಳಗೇ ಏನೋ 'ಚಟ್' ಎಂದಿತಂತೆ. ಬೆರಳು ಮತ್ತೆ ವಾಲತೊಡಗಿತು. ಈ ಸಲ ಸಿಕ್ಕವರು ನಮ್ಮ ಕಡೆಯವರೇ ಆದ ಚಿಕ್ಕ ವಯಸ್ಸಿನ ಡಾಕ್ಟರು. ನನ್ನನ್ನು ದಾಟಿ ನೇರವಾಗಿ ಅವಳನ್ನೇ ಕೇಳಿದರು:

"ಏನ್ ಕೆಲಸಾ ಮಾಡತೀರಿ ಅವ್ವಾ?"

"ಸೆರಗು ಕೆಚ್ಚತೇನ್ರೀ."

ಅವರು ಎಕ್ಸ್‌ರೇಯಲ್ಲಿ ಮಸುಕಾಗಿ ಕಾಣುವ ಒಂದು ನೆರಳನ್ನು ತೋರಿಸಿದರು. ತೋರುಬೆರಳ ತುಂಡು ಬಾಗುವ ಜಾಗದಲ್ಲೇ ಮುರಿದಿತ್ತು. ಮುರಿದದ್ದು ತಿಕ್ಕಿ ತಿಕ್ಕಿ ಸಿಲಿಕೋನ್ ಹುಡಿಯಾಗುತ್ತದೆ, ಆ ಹುಡಿಯನ್ನು ಮೈ ಒಪ್ಪುವುದಿಲ್ಲ, ಬಾವು ಬರುತ್ತದೆ, ಸುತ್ತಲಿನ ಎಲುಬು ಸವೆಯುತ್ತದೆ. ತೆಗೆದು ಬೇರೆ ಕೂಡಿಸಬೇಕಾಗಬಹುದು.

"ಇಂಥಾ ಕೆಲಸಾ ಮಾಡಬ್ಯಾಡ್ರಿ ಅಂತ ಆವಾಗ ಯಾರೂ ಹೇಳಲಿಲ್ಲೇನ್ರಿ?"

ಕೋಣೆಯಲ್ಲಿ ಮಾವ ಇದ್ದರು, ನಾನಿದ್ದೆ. ಅಕ್ಕ ಒಮ್ಮೆ ನನ್ನ ಕಡೆ ನೋಡಿ, ತಲೆ ತಗ್ಗಿಸಿ ಹೇಳಿದಳು:

"ಹೇಳಿದ್ದರ್ರೀ ದೊಡ್ಡ ಡಾಕ್ಟರು. ನಾನಽ ಕೇಳಲಿಲ್ಲ."

ಆ ಮಾತು ನಾನು ಆಡಬೇಕಾದದ್ದು. ನಾನೇ ಕೇಳಲಿಲ್ಲ. ಅವಳು ಹೇಳಿದ್ದು ಮಾತು ಕೇಳಲಿಲ್ಲ ಎಂದು. ನಾನು ಹೇಳಬೇಕಾದದ್ದು ಪ್ರಶ್ನೆ ಕೇಳಲಿಲ್ಲ ಎಂದು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು.

ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಅವರಿಗೆ ಬಹಳ ಬೈಯಬೇಡಿ, ಇದು ಏನೂ ಮಾಡದವರ ಕೈಯಲ್ಲೂ ಮುರಿಯುವುದುಂಟು, ಎಂದರು. ಆ ಮಾತನ್ನು ಎಷ್ಟು ಆಸೆಯಿಂದ ಹಿಡಿದುಕೊಂಡೆ! ಬಸ್ಸಿನಲ್ಲಿ, ತರಗತಿಯಲ್ಲಿ, ಊಟದ ತಟ್ಟೆಯ ಮುಂದೆ ಅದನ್ನೇ ಹೇಳಿಕೊಂಡೆ: ಹೇಗೂ ಮುರಿಯುತ್ತಿತ್ತೇನೋ. ಆದರೆ ಅಕ್ಕನಿಗೆ ಹೇಳಲಿಲ್ಲ. ಅವಳ ಸಮಾಧಾನಕ್ಕೆಂದು ಡಾಕ್ಟರು ಕೊಟ್ಟ ಮಾತನ್ನೂ ನಾನೇ ಇಟ್ಟುಕೊಂಡೆ. ಮೊದಲಿನದಕ್ಕಿಂತ ಇದು ಸಣ್ಣ ತಪ್ಪು ಎಂದು ನನಗೆ ಅನ್ನಿಸುವುದಿಲ್ಲ.

ಮಾವನ ತಮಾಷೆಗೆ ಮುಳ್ಳು ಬಂತು. "ಪಂಕ್ಚರ್ ಮಾಡಿಕೊಂಡು ಕುಂತಾಳ. ಡಾಕ್ಟರು ಹೇಳಿದ್ದ ಕೇಳಾಕಿ ಅಲ್ಲ ಇಕಿ, ಹಟಮಾರಿ." ಅವರು ಕೆಟ್ಟವರಲ್ಲ, ಅವಳ ಕೈಗೆ ಸೊಸೆಗಿಂತ ಮೊದಲು ಎಣ್ಣೆ ಹಚ್ಚುವವರು ಅವರೇ. ಆದರೆ ಹಚ್ಚುತ್ತಲೇ ಬೈಯುತ್ತಿದ್ದರು. ಎರಡನೆಯ ಆಪರೇಶನ್ನಿಗೆ ಅಕ್ಕ ಒಪ್ಪಲಿಲ್ಲ. ಕೊಟ್ಟದ್ದನ್ನು ಉಳಿಸಿಕೊಳ್ಳಲು ಬಾರದವಳಿಗೆ ಮತ್ತೆ ಯಾಕೆ, ಎಂದಳು. ನೋವಿನ ಗುಳಿಗೆ ನುಂಗಿ ದಿನ ಕಳೆಯತೊಡಗಿದಳು.

ನಾನು ಇದೆಲ್ಲವನ್ನೂ ಹೇಗೆ ತಡೆದುಕೊಂಡೆ? ನನಗೊಂದು ನಂಬಿಕೆ ಇತ್ತು. ಅವಳು ಅಂದು ನನ್ನ ಕಡೆ ನೋಡಿದಳಲ್ಲ — ಅವಳಿಗೆ ಎಲ್ಲ ಗೊತ್ತಿದೆ. ಗೊತ್ತಿದ್ದೂ ಮಾವನೆದುರು ತಮ್ಮನ ಮಾನ ಉಳಿಸಲು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ಅಂದರೆ ನನ್ನನ್ನು ಆಗಲೇ ಕ್ಷಮಿಸಿದ್ದಾಳೆ. ಎಲ್ಲವನ್ನೂ ಅನುಮಾನಿಸುವ ನಾನು ಇದೊಂದನ್ನು ಮಾತ್ರ ಅನುಮಾನಿಸಲಿಲ್ಲ.

ಹೋದ ವರ್ಷ ದೀಪಾಳ ಮಗುವನ್ನು ತೊಟ್ಟಿಲಿಗೆ ಹಾಕಿದೆವು. ಅಕ್ಕ ಖಣದ ಬಟ್ಟೆಯ ಕುಂಚಿಗೆ ಹೊಲಿಸಿ ತಂದಿದ್ದಳು. ಮಗುವಿನ ತಲೆಗೆ ಏರಿಸಿ, ಗದ್ದದ ಕೆಳಗೆ ದಾರ ಕಟ್ಟಲು ಹೋದಳು. ಕಟ್ಟಲಾಗಲಿಲ್ಲ. ದಾರ ಜಾರುತ್ತಿತ್ತು. ಇನ್ನೊಮ್ಮೆ ನೋಡಿದಳು. ಮಗು ಅಳತೊಡಗಿತು. ಮಾವ ಅಲ್ಲೇ, "ಮೊದಲಽ ಹೇಳಿದ ಮಾತ ಕೇಳಿದ್ದರ—" ಎಂದು ಶುರುಮಾಡಿದರು. ಅಕ್ಕ ನಕ್ಕು, ದಾರವನ್ನು ದೀಪಾಳ ಕೈಗೆ ಕೊಟ್ಟು, ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಶಾಲೆಯಲ್ಲಿ ಏಟು ತಿಂದ ಹುಡುಗಿ ಕೈ ಮುಚ್ಚಿಕೊಳ್ಳುವ ಹಾಗೆ. ಕ್ಷಮಿಸಿದವರು ಹೀಗೆ ಕೈ ಮುಚ್ಚಿಕೊಳ್ಳುತ್ತಾರೆಯೇ? — ಆಗ ಮೊದಲ ಸಲ ಅನುಮಾನ ಬಂತು.

ಮುಂದಿನ ಭಾನುವಾರ ಇಳಕಲ್ ಬಸ್ಸು ಹತ್ತಿದೆ. ಶಿರೂರು ದಾಟುವವರೆಗೆ ಮಾತು ಜೋಡಿಸುತ್ತಿದ್ದೆ. ಹುನಗುಂದ ಬರುವ ಹೊತ್ತಿಗೆ ಜೋಡಿಸಿದ್ದೆಲ್ಲ ಬರೀ ಸಮರ್ಥನೆ ಎಂದು ತಿಳಿದು ಬಿಟ್ಟುಬಿಟ್ಟೆ. ಅಕ್ಕ ಪಡಸಾಲೆಯಲ್ಲಿ ಸೊಸೆಗೆ ಕೆಚ್ಚುವುದನ್ನು ಕಲಿಸುತ್ತಿದ್ದಳು. "ಒತ್ತ ಒತ್ತಿ ಹೊಸಿಯವ್ವಾ. ಹಿಂಗ ಮುದ್ದು ಮಾಡಿದರ ಎಳಿ ನಿಲ್ಲತೈತೇನು?" ಸೊಸೆ ನನಗೆ ಚಹಾ ಮಾಡಲು ಒಳಗೆ ಹೋದಳು.

"ಯಕ್ಕಾ, ಅವತ್ತ ಡಾಕ್ಟರಿಗೆ ನಾ ಕೇಳಲೇ ಇಲ್ಲ."

"ಏನ ಕೇಳಲಿಲ್ಲೋ?"

"ಸೆರಗು ಕೆಚ್ಚಬಹುದೇನು ಅಂತ. ನೀ ಕೇಳು ಅಂದಿ. ನಾ ಬ್ಯಾರೆ ಏನೋ ಕೇಳಿದ್ನಿ. ಅವರು ಅದಕ್ಕ ತಲಿ ಆಡಿಸಿದ್ದು. ಹೂಂ ಅಂದ್ರು ಅಂತ ನಿನಗ ಸುಳ್ಳ ಹೇಳಿದ್ನಿ."

ಗೊತ್ತಿತ್ತು ಬಿಡೋ ಎನ್ನುತ್ತಾಳೆ ಎಂದು ಕಾದೆ. ಆ ಮಾತಿಗಾಗಿಯೇ ಅಷ್ಟು ದೂರ ಹೋಗಿದ್ದೆನೋ ಏನೋ. ಅವಳು ಅನ್ನಲಿಲ್ಲ. ಅವಳ ಮುಖದಲ್ಲಿ ಇದ್ದದ್ದು ಬರೀ ಗಲಿಬಿಲಿ.

"ಮತ್ತ... ಹಗೂರಕ ಮಾಡು ಅಂದಿದ್ದರಲ್ಲ?"

"ಹಗೂರಕ ಅಂತಲ್ಲ. ಹಗುರ ಕೆಲಸ ಅಂದಿದ್ನಿ ನಾ. ಅದೂ ನಿನ್ನ ಮಾತಿಗೆ ಉತ್ತರಾ ಅಲ್ಲ."

ನಮ್ಮ ಕಡೆ 'ಹಗೂರಕ' ಎಂದರೆ ನಿಧಾನವಾಗಿ, ಮೆಲ್ಲಗೆ. ಕೂಲರಿನ ಆ ಸದ್ದಿನಲ್ಲಿ ನನ್ನ 'ಹಗುರ' ಅವಳಿಗೆ ಹಾಗೆ ಕೇಳಿಸಿತ್ತು. ನಾನು ಆ ಪದವನ್ನು ಎಷ್ಟೋ ವರ್ಷ ಹೊತ್ತು ತಿರುಗಿದ್ದೆ. ಅವಳ ಹತ್ತಿರ ಇದ್ದದ್ದು ಬೇರೆಯದೇ ಪದ.

"ದೀಪಾನ ಮದಿವಿ ಹಿಂದಕ ಮುಂದಕ ನೋಡದಽ ಬಂದಬಿಟ್ಟಿತಲ್ಲೋ," ಎಂದಳು. "ಗಡಿಬಿಡಿಲೇ ಕೆಚ್ಚಿದೆ. ಹಗೂರಕ ಅಂದಿದ್ದರು, ನಾ ಅವಸರಾ ಮಾಡಿದೆ, ಅದಕ್ಕಽ ಮುರೀತು ಅಂತ ಅವತ್ತಿನಿಂದ ಮನಸಿನ್ಯಾಗ ಐತಿ. ಹೇಳಿದರ ಹುಡುಗಿ ಆ ಸೀರಿ ಉಡೂದ ಬಿಡತಾಳಂತ ಯಾರ ಮುಂದೂ ಹೇಳಿಲ್ಲ."

ಅವಳು ಅಂದು ನನ್ನ ಕಡೆ ನೋಡಿದ್ದು ನನ್ನನ್ನು ಉಳಿಸಲು ಅಲ್ಲ. ದೀಪಾಳ ತಂದೆಗೆ ಇದು ತಿಳಿದುಬಿಟ್ಟೀತೇನೋ ಎಂಬ ಭಯಕ್ಕೆ ನೋಡಿದ್ದಳು. ನಾನು ಕ್ಷಮೆ ಎಂದು ಓದಿಕೊಂಡದ್ದು ಅವಳ ನಾಚಿಕೆಯನ್ನು.

ಅಕ್ಕ ಸೆರಗಿನಿಂದ ಬಲಗೈ ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡಳು. ಎಡಗೈಯಿಂದ ವಾಲಿದ ಬೆರಳನ್ನು ನೆಟ್ಟಗೆ ಮಾಡಿ ಹಿಡಿದು ಬಹಳ ಹೊತ್ತು ನೋಡಿದಳು. ಪಕ್ಕದ ಮನೆಯ ಮಗ್ಗ ಬಡಿಯುತ್ತಲೇ ಇತ್ತು.

"ಇಷ್ಟ ವರ್ಷ ಈ ಕೈಗೆ ಭಾಳ ಬೈದೇನೋ ತಮ್ಮಾ," ಎಂದಳು.

ಅಷ್ಟೇ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಬರೆಯಲು ಹೊರಟಿದ್ದೆ — ಅದೂ ನನ್ನ ಸಮಾಧಾನದ ಮಾತೇ ಆದೀತು.

ಮಾವ ಬಂದ ಮೇಲೆ ಅವರೆದುರು, ಸೊಸೆಯೆದುರು ಮತ್ತೊಮ್ಮೆ ಎಲ್ಲ ಹೇಳಿದೆ. ಏನೂ ಮಾಡದವರ ಕೈಯಲ್ಲೂ ಮುರಿಯುವುದುಂಟು ಎಂಬ ಡಾಕ್ಟರ ಮಾತನ್ನೂ ಅವಳಿಗೆ ತಡವಾಗಿ ತಲುಪಿಸಿದೆ, ನನ್ನ ಪರವಾಗಿ ಅಲ್ಲ ಎಂದು ಸೇರಿಸಿ. ಮಾವ ನನ್ನನ್ನು ದಿಟ್ಟಿಸಿ ನೋಡಿದರು. ಯಾವಾಗಲೂ 'ಪ್ರೊಫೆಸರ್ ಸಾಹೇಬರು' ಎಂದು ಛೇಡಿಸುವವರು ಅಂದು ನನ್ನನ್ನು ಏನೆಂದೂ ಕರೆಯಲಿಲ್ಲ. ಎದ್ದು ಹೋಗಿ ಎಣ್ಣೆಯ ಬಟ್ಟಲು ತಂದು, ಅಕ್ಕನ ಕೈ ಹಿಡಿದು, ಈ ಸಲ ಬೈಯದೆ ಹಚ್ಚತೊಡಗಿದರು. ದೀಪಾಳಿಗೆ ಹೇಳುವ ಕೆಲಸ ನನ್ನದೇ, ಹೇಳಿದೆ. ಅವಳು ಇನ್ನೂ ನನ್ನೊಡನೆ ಮೊದಲಿನಂತೆ ಮಾತಾಡುತ್ತಿಲ್ಲ. ಸೀರೆ ಮಾತ್ರ ಉಡುತ್ತಾಳೆ. ಉಡಲೇಬೇಕೆಂದು ಅಕ್ಕ ಅವಳಿಂದ ಆಣೆ ಹಾಕಿಸಿಕೊಂಡಿದ್ದಾಳೆ.

ಹೊರಡುವಾಗ ಬಾಗಿಲಲ್ಲಿ ಅಕ್ಕ ಹೇಳಿದಳು: "ಡಾಕ್ಟರ ಕಡೆ ಹೋಗೂಣು. ಏನ ಮಾಡಸಬೇಕು, ಏನ ಬಿಡಬೇಕು, ಈ ಸಲ ನಾನಽ ಕೇಳತೇನಿ. ನೀ ಹೊರಗ ಕುಂದರು."

ನಮ್ಮ ಕಡೆಯ ಆ ಚಿಕ್ಕ ಡಾಕ್ಟರ ಬಳಿಗೇ ಹೋದೆವು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಬಾಗಿಲು ಅರ್ಧ ತೆರೆದಿತ್ತು. ಅವಳು ಕೇಳಬೇಕಿದ್ದದ್ದು ಒಂದೇ ಪ್ರಶ್ನೆ, ಅದನ್ನು ನಾನು ನುಂಗಿದೆ, ಎಂದೇ ಇಷ್ಟು ದಿನ ತಿಳಿದಿದ್ದೆ. ಒಳಗೆ ಅಕ್ಕ ಕೇಳುತ್ತಿದ್ದಳು. ಡಾಕ್ಟರು ಏನೋ ಹೇಳುತ್ತಿದ್ದರು. ಅವಳು ಮತ್ತೆ ಕೇಳುತ್ತಿದ್ದಳು, ಮತ್ತೆ ಕೇಳುತ್ತಿದ್ದಳು. ಮಾತುಗಳು ಸ್ಪಷ್ಟವಾಗಿರಲಿಲ್ಲ. ನಾನು ಬಾಗಿಲ ಕಡೆ ಸರಿಯದೆ, ಇದ್ದಲ್ಲೇ ಕುಳಿತಿದ್ದೆ.